ಕೌದಿ ಹರಿಯುವ ಶಟಲ್

ನಮ್ಮ ಮಾಮಾ ನಿವೃತ್ತರಾದ ಸಂಗತಿ ಇಲಾಖೆಗೆ ಗೊತ್ತಿದೆ, ಹಾರ ಹಾಕಿ ಶಾಲು ಹೊದಿಸಿದವರಿಗೆ ಗೊತ್ತಿದೆ, ಗೋಕಾಕ ಬಸ್ ಸ್ಟ್ಯಾಂಡಿನ ಚಹದಂಗಡಿಯವನಿಗೂ ಗೊತ್ತಿದೆ. ಗೊತ್ತಿಲ್ಲದವರು ಒಬ್ಬರೇ, ಸ್ವತಃ ಮಾಮಾ!

ನನ್ನ ಅವ್ವನ ಅಣ್ಣ ಇವರು. ಹುಕ್ಕೇರಿ, ಮೂಡಲಗಿ, ಕೊನೆಗೆ ಗೋಕಾಕ ಎಂದು ಮೂರೂರಿನ ಬಸ್ ಸ್ಟ್ಯಾಂಡುಗಳ ಧೂಳು ಕುಡಿದು ಕಂಟ್ರೋಲರ್ ಆಗಿ ನಿವೃತ್ತರಾದವರು. ಯಾವ ಗಾಡಿ ಯಾವಾಗ ಬರಬೇಕು, ಯಾವ ಪ್ಲಾಟ್‌ಫಾರ್ಮಿಗೆ ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ಸೀಟಿ ಊದಿ ಹೇಳುವ ಕೆಲಸ. ಕೆಲಸ ಮುಗಿಯಿತು, ಸೀಟಿ ಕೊರಳಲ್ಲೇ ಉಳಿಯಿತು! ನಿವೃತ್ತಿಯ ಮಾರನೆಯ ದಿನವೂ ಇಸ್ತ್ರಿ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ನಡೆದರು. ಮುಂದೆಯೂ ದಿನಾ ಅದೇ. ಕಂಟ್ರೋಲರ್ ಕಿಟಕಿಯ ಎದುರಿಗೆ ಒಂದು ಬೆಂಚು ಇತ್ತು, ಅದು ಅವರ ಸಿಂಹಾಸನ. ಅವರ ಜಾಗಕ್ಕೆ ಬಂದ ಹೊಸ ಕಂಟ್ರೋಲರ್ ಒಳ್ಳೆಯ ಮನುಷ್ಯ. ಬೈಸಿಕೊಳ್ಳುವುದು ಹೇಗೂ ತಪ್ಪುವುದಿಲ್ಲ ಎಂದು ತಾನೇ ಮೊದಲು ಕೇಳಿಬಿಡುತ್ತಿದ್ದ.

"ಸಾಹೇಬ್ರ, ಇವತ್ತ ಯಾವ ಗಾಡಿ ಲೇಟ್ ರಿ?"

"ಯಾವ ಗಾಡಿ ಲೇಟ್ ಇಲ್ಲ ಅಂತ ಕೇಳಪಾ. ಲಗೂನ ಹೇಳಿ ಮುಗಸ್ತೇನಿ!"

ನಾನು ಆಗ ಮೂಡಲಗಿಯಲ್ಲಿ ಶಾಲಾ ಶಿಕ್ಷಕಿ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಗೋಕಾಕಕ್ಕೆ ಸಂತೆ-ಸಾಮಾನಿಗೆ ಬಂದರೆ ಊಟ ಮಾಮಾನ ಮನೆಯಲ್ಲಿ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಬೇರೆಯವರ ಮನೆಯಲ್ಲಿ ಏನು ಕೇಳುತ್ತಾರೆ? ಆರಾಮ ಇದ್ದೀ, ಊಟ ಆಯಿತೇ ಎನ್ನುತ್ತಾರೆ. ನಮ್ಮ ಮಾಮಾ ಕೇಳುತ್ತಿದ್ದದ್ದು, "ಬಾ ತಂಗಿ. ತಿರುಗಿ ಎಷ್ಟರ ಗಾಡಿಗಿ ಹೋಗ್ತಿ?"

"ನೀರರ ಕುಡೀಲಿ ತಡೀರಿ, ಈಗ ಬಂದಾಳ," ಎಂದು ಮಾಮಿ ಒಳಗಿನಿಂದ ಕೂಗುತ್ತಿದ್ದರು.

ನನ್ನ ಮದುವೆಯ ಕತೆಯನ್ನಂತೂ ನಮ್ಮೂರು ಕುಲಗೋಡದಲ್ಲಿ ಇನ್ನೂ ಹೇಳಿ ನಗುತ್ತಾರೆ. ಗಂಡಿನ ಕಡೆಯವರ ಟೆಂಪೋ ಹಂದರದ ಮುಂದೆ ಬಂತು. ಅವ್ವ ಆರತಿ ಹಿಡಿದು ನಿಂತಿದ್ದಾಳೆ, ಬಾಜಾದವರು ಉಸಿರು ತುಂಬಿಕೊಂಡಿದ್ದಾರೆ. ಅಷ್ಟರಲ್ಲಿ ಮಾಮಾ ಟೆಂಪೋದ ಹಿಂದೆ ಓಡಿದರು. "ಬರ್ಲಿ... ಬರ್ಲಿ... ಇನ್ನೂ ಬರ್ಲಿ... ಹೋಲ್ಡಾನ್!" ಪೀಈಈ ಎಂದು ಸೀಟಿ! ಟೆಂಪೋ ನಿಂತಿತು, ಬಾಜಾ ನಿಂತಿತು, ಆರತಿ ಹಿಡಿದ ಕೈಯೂ ಗಪ್ಪನೆ ನಿಂತಿತು. ಮದುಮಗ ಕೆಳಗಿಳಿದ ಮೇಲೆ ಮಾಮಾ ಕೈಗಡಿಯಾರ ನೋಡಿ, "ಅರ್ಧ ತಾಸು ತಡಾ ಆತಲ್ರಿ," ಎಂದರು. ಆ ಪುಣ್ಯಾತ್ಮ ಬಾಸಿಂಗ ಸರಿ ಮಾಡಿಕೊಳ್ಳುತ್ತ, "ತಪ್ಪಾತ್ರಿ," ಎಂದ. ಇಂದಿಗೂ ನನ್ನ ಗಂಡ ಮಾಮಾನ ಮನೆಯ ಮೆಟ್ಟಿಲು ಹತ್ತುವ ಮುಂಚೆ ಗಡಿಯಾರ ನೋಡಿಕೊಳ್ಳುತ್ತಾರೆ.

ಇಂಥವರ ಹೆಂಡತಿ ಎಷ್ಟು ತಿರುಗಾಡಿರಬೇಕು ಅನ್ನುತ್ತೀರಿ? ಮಾಮಿಗೆ ಇದ್ದದ್ದು ಒಂದೇ ಆಸೆ. ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಬೀಳುವಾಗ ಒಮ್ಮೆ ಗೋಕಾಕ ಫಾಲ್ಸ್ ನೋಡಬೇಕು. ಹುಕ್ಕೇರಿಯಲ್ಲಿದ್ದಾಗ ಕೇಳಿದರು. "ಮುಂಜಾನಿ ಡೈರೆಕ್ಟ್ ಗಾಡಿ ಐತಿ, ಕಿಡಕಿ ಬಾಜೂ ಸೀಟ್ ಹಿಡಿಸಿ ಕೊಡ್ತೇನಿ, ಹೋಗಿ ಬಾ," ಎಂದರು ಮಾಮಾ. ಮೂಡಲಗಿಯಲ್ಲಿದ್ದಾಗ ಕೇಳಿದರು. ಮಾಮಾ ಬೇರೆ ಗಾಡಿಯ ಟೈಮ್ ಹೇಳಿದರು. ಒಬ್ಬರೇ ಹೋಗಿ ನೀರು ನೋಡಿ ಏನು ಮಾಡುವುದು ಎಂದು ಮಾಮಿ ಹೋಗಲೇ ಇಲ್ಲ. ಕೊನೆಗೆ ಫಾಲ್ಸಿನ ಮಗ್ಗುಲಿಗೇ, ಗೋಕಾಕಕ್ಕೇ ಬಂದು ನೆಲೆಸಿದರು. ಅಲ್ಲಿಗೆ ಬಂದ ಮೇಲೆ ಮಾಮಿ ಕೇಳುವುದನ್ನೇ ಬಿಟ್ಟರು.

ಇರಲಿ, ನಾನು ಹೇಳಹೊರಟದ್ದು ನಾಯಿಯ ಕತೆ. ಮಾಮಾನ ಮಗಳು ಮದುವೆಯಾಗಿ ನಿಪ್ಪಾಣಿಗೆ ಹೋದ ವರ್ಷ ಅರಭಾವಿಯ ತೋಟಗಾರಿಕೆ ಕಾಲೇಜಿನ ಮಾಸ್ತರರೊಬ್ಬರಿಗೆ ದೂರದ ಊರಿಗೆ ವರ್ಗವಾಯಿತು. ದಿನಾ ಬಸ್ಸಿಗೆ ನಿಂತು ನಿಂತು ಮಾಮಾನ ಗೆಳೆಯರಾದವರು. ಹೋಗುವಾಗ ತಮ್ಮ ನಾಯಿಮರಿಯನ್ನು ಮಾಮಾನ ಉಡಿಗೆ ಹಾಕಿ ಹೋದರು. ಬಿಳಿ ಪಾಮೇರಿಯನ್. ಒಂದು ಹಿಡಿ ಅರಳೆಗೆ ನಾಲ್ಕು ಕಾಲು ಹಚ್ಚಿದಂತಿತ್ತು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಇಡೀ ದಿನ ಓಡಾಟ. ಮಾಮಾ ಒಂದು ತಾಸು ನೋಡಿ ಹೆಸರಿಟ್ಟರು, ಶಟಲ್!

ನಾಯಿಯ ಜೊತೆಗೆ ಮಾಸ್ತರರು ಒಂದು ಕಟ್ಟು ಪ್ಯಾಡುಗಳನ್ನೂ ಕೊಟ್ಟಿದ್ದರು. ಪುಣೆಯಿಂದ ತರಿಸಿದ್ದಂತೆ. ಒಂದು ಮಗ್ಗುಲು ಪ್ಲಾಸ್ಟಿಕ್, ಒಂದು ಮಗ್ಗುಲು ಹತ್ತಿ, ಕೂಸಿನ ಕೆಳಗೆ ಹಾಸುವ ಅರಿವೆಯಷ್ಟಗಲ. ನಾಯಿ ಮನೆಯೊಳಗೆ ಅದರ ಮೇಲೇ ಒಂದು-ಎರಡು ಮಾಡಬೇಕು! ಹೌದ್ರೀ, ನಾಯಿಗೆ ಹಾಸಿಗೆಯಂಥ ಪಾಯಖಾನೆ! ನನಗೆ ನಗು ತಡೆಯಲಾಗಲಿಲ್ಲ. ಆದರೆ ಮಾಮಾನದು ಅಟ್ಟದ ಮೇಲಿನ ಬಾಡಿಗೆ ಮನೆ. ಕೆಳಗಿಳಿದರೆ ಓಣಿಯ ದಾಂಡಿಗ ನಾಯಿಗಳು, ಮಾಳಿಗೆಗೆ ಬಿಟ್ಟರೆ ಗೋಕಾಕದ ಮಂಗಗಳು. ಈ ಹಿಡಿ ಅರಳೆಗೆ ಮನೆಯೊಳಗೇ ವ್ಯವಸ್ಥೆ ಆಗಬೇಕಿತ್ತು.

ಮಾಮಾ ಬಾಗಿಲ ಬಳಿಯ ಮೂಲೆಯಲ್ಲಿ ಪ್ಯಾಡು ಹಾಸಿ, "ಇದು ಪ್ಲಾಟ್‌ಫಾರ್ಮ್," ಎಂದು ನಾಯಿಗೆ ತಿಳಿಸಿದರು. ತಿಂದ ಮೇಲೆ ಒಂದು ಉದ್ದ ಸೀಟಿ, ಎತ್ತಿ ಪ್ಲಾಟ್‌ಫಾರ್ಮಿಗೆ ಬಿಡುವುದು. ನಿದ್ದೆಯಿಂದ ಎದ್ದ ಮೇಲೆ ಒಂದು ಉದ್ದ ಸೀಟಿ, ಮತ್ತೆ ಪ್ಲಾಟ್‌ಫಾರ್ಮಿಗೆ. ಕೆಲಸ ಮುಗಿಸಿದರೆ ಬೆನ್ನು ತಟ್ಟಿ, "ಶಾಭಾಸ್! ರೈಟ್ ರೈಟ್!" ತಪ್ಪಿದರೆ ಬೈಗಳಿಲ್ಲ, ಏಟಿಲ್ಲ, ಸುಮ್ಮನೆ ನೆಲ ಒರೆಸುವುದು. ಮಾಮಾ ನೆಲ ಒರೆಸಿದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡದ್ದು ಆಗಲೇ! ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಮುಂದಿನ ಶನಿವಾರ ನಾನು ಹೋಗುವಷ್ಟರಲ್ಲಿ ಶಟಲ್ ಸೀಟಿ ಕೇಳಿದ ಕೂಡಲೇ ಓಡಿ ಬಂದು ಪ್ಯಾಡಿನ ನಟ್ಟನಡುವೆ ನಿಲ್ಲುತ್ತಿತ್ತು. ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಗಂಟಲು ಹರಿದುಕೊಳ್ಳುವ ನಾನು ಬಾಯಿಬಿಟ್ಟು ನೋಡಿದೆ.

ಆದರೆ ಮಾಮಾ ಬಸ್ ಸ್ಟ್ಯಾಂಡಿಗೆ ಹೋಗಿ ಮಧ್ಯಾಹ್ನ ಬರುವಷ್ಟರಲ್ಲಿ ಪ್ಯಾಡು ಪ್ಯಾಡಾಗಿ ಇರುತ್ತಿರಲಿಲ್ಲ. ಹತ್ತಿ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ, ಒಳಗಿನ ಅಂಟುಅಂಟು ಕಾಳು ಮನೆತುಂಬ. ನಡುವೆ ಬಿಳಿ ಮೀಸೆಗೆ ಬಿಳಿ ಹತ್ತಿ ಅಂಟಿಸಿಕೊಂಡು ಶಟಲ್ ಬಾಲ ಅಲ್ಲಾಡಿಸುತ್ತ ನಿಂತಿರುತ್ತಿತ್ತು.

"ಪ್ಲಾಟ್‌ಫಾರ್ಮಿಗೆ ಬರಾಕ ಕಲಸಿದ್ರಿ. ಪ್ಲಾಟ್‌ಫಾರ್ಮ್ ಕಿತ್ತಿ ಒಗ್ಯಾಕ ಯಾರ ಕಲಸಿದ್ರು?" ಎಂದರು ಮಾಮಿ.

"ಡ್ರೈವರ್ ಹೊಸಬ ಇದ್ದಾನ. ಸುಧಾರಸ್ತಾನ," ಎಂದರು ಮಾಮಾ.

ಕಟ್ಟಿನಲ್ಲಿದ್ದ ಪ್ಯಾಡುಗಳೆಲ್ಲ ಬೇಗನೆ ಮುಗಿದುಹೋದವು. ಪುಣೆಗೆ ಯಾರು ಹೋಗಬೇಕು? ಮಾಮಿ ಟ್ರಂಕು ತೆಗೆದು ಹಳೆಯ ಇಳಕಲ್ ಸೀರೆ ಹರಿದು, ನಾಲ್ಕು ಪದರು ಹಾಕಿ, ಸೂಜಿ ಹಿಡಿದು ಕೂತರು. ಕೌದಿ! ಹಾಸಿ ಹೊದೆಯಲು ಕೌದಿ ಹೊಲಿಯುವವರನ್ನು ಊರೂರಲ್ಲಿ ಕಂಡಿದ್ದೀರಿ, ನಾಯಿಯ ಪಾಯಖಾನೆಗೆ ಮೂಲೆಮೂಲೆಗೆ ಬಣ್ಣದ ಚೌಕ ಹಚ್ಚಿ ಹೊಲಿದವರನ್ನು ಕಂಡಿದ್ದೀರಾ? ಒಗೆದು ಒಣಗಿಸಿ ಮತ್ತೆ ಹಾಸಬಹುದು ಎಂಬುದು ಮಾಮಿಯ ಲೆಕ್ಕ. ಹರಿದದ್ದನ್ನು ಒಗೆಯುವುದಾದರೂ ಹೇಗೆ ಎಂಬುದು ಶಟಲ್‌ನ ಲೆಕ್ಕ!

ಮೊದಲ ಕೌದಿ ಅರ್ಧ ದಿನವೂ ಬಾಳಲಿಲ್ಲ. ಅದು ಹರಿದದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬೇಸಿಗೆಯ ಗಾಳಿಗೆ ಚೂರುಗಳು ಕಿಟಕಿಯಿಂದ ಹಾರಿ ಕೆಳಗಿನ ಅಂಗಳದಲ್ಲಿ ಒಣಹಾಕಿದ್ದ ಹಪ್ಪಳದ ಮೇಲೆ ಬಿದ್ದವು. ಕೆಳಗಿನ ಮನೆಯಲ್ಲಿದ್ದ ಮಾಲಕರು ಜೈನರು. ಅವರ ಮನೆಯ ಹಿರಿಯಜ್ಜಿಗೆ ಎಲ್ಲರೂ ಆಯಿ ಎನ್ನುತ್ತಿದ್ದರು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಜೀವ ಅದು. ಅಂಥವರ ಹಪ್ಪಳದ ಮೇಲೆ ನಾಯಿ ಉಚ್ಚೆ ಹೊಯ್ದ ಸೀರೆಯ ಚೂರು!

"ಅಗಬಾಯಿ!" ಎಂದು ಕೂಗಿದ ಆಯಿ ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. ಶಟಲ್ ಹೋಗಿ ಅವರ ಕಾಲನ್ನೇ ಮೂಸಿತು. ಆಯಿ ಸೆರಗು ಎತ್ತಿ ಹಿಡಿದುಕೊಂಡು ಹೇಳಿದರು, "ಮೂಕ ಜೀವ ಐತಿ, ಹೊಡೀಬ್ಯಾಡ್ರಿ, ಉಪಾಸ ಕೆಡವಬ್ಯಾಡ್ರಿ. ಖರೆ ಭಾದ್ರಪದದಾಗ ನಮ್ಮ ದಶಲಕ್ಷಣ ಪರ್ವ ಬರತೈತಿ. ಹತ್ತೂ ದಿನ ಮನಿ ಮಡಿಲೆ ಇರಬೇಕು. ಅಷ್ಟರೊಳಗ ಇದಕ್ಕ ಬುದ್ಧಿ ಕಲಸ್ರಿ. ಇಲ್ಲಂದ್ರ ಬ್ಯಾರೆ ಕಡೆ ಬಿಡ್ರಿ."

ಬೇರೆ ಕಡೆ ಎಂದರೆ ಎಲ್ಲಿ? ಕುಲಗೋಡದ ನಮ್ಮ ಹೊಲಕ್ಕೆ ಒಯ್ಯುತ್ತೇನೆ ಎಂದೆ ನಾನು. ಮಾಮಾ ಶಟಲ್‌ನತ್ತ ನೋಡಿದರು. ನಮ್ಮ ಕಬ್ಬಿನ ಹೊಲದ ನಾಯಿಗಳು ಕಾಡುಹಂದಿ ಅಟ್ಟುವಂಥವು. ಅವುಗಳ ನಡುವೆ ಈ ಅರಳೆ ಒಂದು ರಾತ್ರಿ ಕಳೆದೀತೆ? "ಬ್ಯಾಡ ತಂಗಿ," ಎಂದರು ಮಾಮಾ. ಸಾಯಂಕಾಲದ ಗಾಡಿಯ ಟೈಮನ್ನೂ ಹೇಳಲಿಲ್ಲ. ಆಗಲೇ ನನಗೆ ತಿಳಿಯಿತು, ಈ ಮನುಷ್ಯನ ಜೀವ ಆ ನಾಯಿಗೆ ಅಂಟಿಬಿಟ್ಟಿದೆ.

ಮುಂದೆ ನಡೆದದ್ದು ಸಾಹಸಗಾಥೆ. ಯಾರೋ ಹೇಳಿದರು, ಕಹಿ ಹಚ್ಚಿದರೆ ನಾಯಿ ಬಾಯಿ ಹಾಕುವುದಿಲ್ಲ ಎಂದು. ಮಾಮಾ ಬೇವಿನ ಸೊಪ್ಪು ಅರೆದು ಕೌದಿಯ ಅಂಚಿಗೆ ಬಳಿದರು. ಶಟಲ್ ಅಂಚು ಬಿಟ್ಟು ನಡುವಿನಿಂದ ಶುರುಮಾಡಿತು. ಇಂಗು ಕಲಸಿ ಹಚ್ಚಿದರು. ಅದು ಇಂಗಿನ ರುಚಿ ಹತ್ತಿ ಒಗ್ಗರಣೆ ಹಾಕಿದಾಗಲೆಲ್ಲ ಅಡುಗೆಮನೆಗೆ ಬಂದು ಕೂರತೊಡಗಿತು! ಖಾರಪುಡಿಯ ಡಬ್ಬಿಗೆ ಕೈ ಹಾಕಿದ ದಿನ ಮಾಮಿ ಅಡ್ಡ ನಿಂತರು. "ಮೂಕಪ್ರಾಣಿ ಬಾಯಿಗಿ ಖಾರಾ ಹಚ್ಚತೀರಿ? ಮೊದಲ ನಿಮ್ಮ ಸೀಟಿಗೆ ಹಚ್ಚಿ ಊದ್ರಿ ನೋಡೂಣು!" ಡಬ್ಬಿ ಮರಳಿ ಗೂಡು ಸೇರಿತು.

ಆಮೇಲೆ ಮಿಸ್ತ್ರಿ ಚಾಚಾ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಗಿಲು ಚೌಕಟ್ಟು ಮಾಡುವವರು, ಮಾಮಾನ ಹಳೆಯ ದೋಸ್ತ. ಒಂದು ಕಟ್ಟಿಗೆಯ ಚೌಕಟ್ಟು ಬೇಕು, ಮೇಲೆ ಜಾಳಿಗೆ ಬಿಗಿಯಬೇಕು, ಕೌದಿ ಅದರ ಕೆಳಗೆ ಕೂರಬೇಕು, ನೀರು ಕೆಳಗಿಳಿಯಬೇಕು, ಹಲ್ಲು ಮಾತ್ರ ಇಳಿಯಬಾರದು ಎಂದು ಮಾಮಾ ಅಳತೆ ಕೊಟ್ಟರು.

"ಯಾವ ದೇವರ ಫೋಟೋಕ್ರಿ ಸಾಹೇಬ್ರ?" ಎಂದರು ಚಾಚಾ.

"ದೇವರ ಫೋಟೋಕ ಅಲ್ಲಪಾ, ನಾಯಿ ಕುಂದ್ರಾಕ."

ಚಾಚಾ ಕಿವಿಯ ಪೆನ್ಸಿಲ್ ತೆಗೆದು ಮಾಮಾನನ್ನೇ ಒಂದು ಗಳಿಗೆ ನೋಡಿದರು. "ಬಾಗ್ಲಾ ಮಾಡೇನಿ, ಪಲಂಗ ಮಾಡೇನಿ, ತೊಟ್ಲಾ ಮಾಡೇನಿ. ಇದೊಂದ ಉಳದಿತ್ತು ನೋಡ್ರಿ ನನ್ನ ನಸೀಬದಾಗ," ಎಂದರು. ಆದರೂ ಎಷ್ಟು ಚೆಂದ ಮಾಡಿಕೊಟ್ಟರು ಅಂತೀರಿ! ಕಾಲಿಗೆ ತಾಗದಂತೆ ಅಂಚೆಲ್ಲ ಉಜ್ಜಿ, ಮೂಲೆಗೊಂದು ಹೂ ಬೇರೆ ಕೆತ್ತಿದ್ದರು. ಜಾಳಿಗೆ ಬಂದ ಮೇಲೆ ಶಟಲ್ ಸೋತಿತು ಎಂದೇ ಎಲ್ಲರೂ ತಿಳಿದೆವು. ಮಾಮಾ ಆ ವಾರ ನನಗೆ ಕರದಂಟು ತಿನ್ನಿಸಿದರು. ಮುಂದಿನ ಸೋಮವಾರವೇ ಶಟಲ್ ಚೌಕಟ್ಟಿನ ಹೂವನ್ನು ಕಡಿದು, ಸಂದಿಯಿಂದ ಕೌದಿಯ ಒಂದು ಚುಂಗು ಎಳೆದು, ಬಾವಿಯಿಂದ ಹಗ್ಗ ಸೇದಿದಂತೆ ಇಡೀ ಕೌದಿಯನ್ನು ಹೊರಗೆ ಸೇದಿಹಾಕಿತಂತೆ. ಚೌಕಟ್ಟು ಅಂದೇ ಮಂಚದಡಿ ಸೇರಿತು.

ಕಡಿಯಲು ಬೇರೆ ಏನಾದರೂ ಬೇಕೇನೋ ಎಂದು ಮಾಮಾ ಹಳೆಯ ಲಂಗೋಟಿ-ಟವೆಲುಗಳನ್ನೆಲ್ಲ ಹೆಣೆದು ಗಂಟು ಹಾಕಿ ಆಟಿಕೆ ಮಾಡಿಕೊಟ್ಟರು. ಮಾಮಾ ಮನೆಯಲ್ಲಿದ್ದಷ್ಟು ಹೊತ್ತು ಶಟಲ್ ಅದನ್ನು ಕಡಿಯುತ್ತ, ಎಳೆಯುತ್ತ, ಮಾಮಾನ ಕಾಲಡಿಯಲ್ಲಿ ಉರುಳಾಡುತ್ತ ಇರುತ್ತಿತ್ತು. ಕೌದಿಯತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮಾಮಾ ಹೊರಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಚಿಂದಿ! ನಡುವೆ ಮಾಮಿ ಒಂದು ಮಾತೂ ಆಡದೆ, ಕಿಟಕಿ ಭದ್ರವಾಗಿ ಮುಚ್ಚಿ, ಚೂರುಗಳನ್ನು ಆರಿಸಿ, ಹೊಸ ಕೌದಿಗೆ ಸೂಜಿ ಪೋಣಿಸುತ್ತಿದ್ದರು. ಅವರ ತಾಳ್ಮೆ ಕಂಡು ನಾನು ಬೆರಗಾಗಿದ್ದೆ. ಅದು ಬರೀ ತಾಳ್ಮೆಯಲ್ಲ ಎಂದು ಆಗ ನನಗೆಲ್ಲಿ ಗೊತ್ತಿತ್ತು?

ಶ್ರಾವಣ ಮುಗಿಯುತ್ತ ಬಂತು. ಕೆಳಗೆ ಆಯಿಯ ಮನೆಯಲ್ಲಿ ಪರ್ವಕ್ಕೆಂದು ಗೋಡೆಗೆ ಸುಣ್ಣ, ಪಾತ್ರೆಗಳಿಗೆ ಹುಣಸೆಹಣ್ಣು. ಆ ಶನಿವಾರ ಶಾಲೆಗೆ ರಜೆ ಇತ್ತು, ನಾನು ಮುಂಜಾನೆಯೇ ಬಂದಿದ್ದೆ. ಮಾಮಾ ನನ್ನನ್ನು ಬಾಜೂಕ್ಕೆ ಕರೆದು ಪಿಸುಗುಟ್ಟಿದರು.

"ತಂಗಿ, ಇವತ್ತ ಚೆಕಿಂಗ್ ಮಾಡೂಣು. ನಾ ಡ್ಯೂಟಿಗಿ ಹೋದಂಗ ಮಾಡ್ತೇನಿ. ಕಂಡಕ್ಟರನ ಕಳುವು ಹಿಡ್ಯಾಕ ಹಿಂಗ ಮಾಡ್ತಿದ್ವಿ."

ಅರವತ್ತರ ಮನುಷ್ಯ ಇಸ್ತ್ರಿ ಅಂಗಿ ತೊಟ್ಟು, "ಬರ್ತೇನಿ," ಎಂದು ಜೋರಾಗಿ ಹೇಳಿ, ಚಪ್ಪಲಿ ಟಪ್ ಟಪ್ ಎನಿಸುತ್ತ ಕೆಳಗಿಳಿದರು. ಬೀಳ್ಕೊಡುವ ನೆಪದಲ್ಲಿ ನಾನೂ ಇಳಿದೆ. ಚಪ್ಪಲಿಯನ್ನು ಆಯಿಯ ತುಳಸಿಗಿಡದ ಬಳಿ ಬಿಟ್ಟು, ಇಬ್ಬರೂ ಬರಿಗಾಲಲ್ಲಿ ಕಳ್ಳರಂತೆ ಮತ್ತೆ ಮೆಟ್ಟಿಲು ಹತ್ತಿದೆವು. ಮೆಟ್ಟಿಲ ಕಡೆಯ ಕಿಟಕಿಯ ಸಂದಿಗೆ ಮಾಮಾ ಒಂದು ಕಣ್ಣು, ನಾನು ಒಂದು ಕಣ್ಣು. ಓಣಿಯಲ್ಲಿ ಹೋಗುತ್ತಿದ್ದ ಮಿಸ್ತ್ರಿ ಚಾಚಾ ಕೆಳಗಿನಿಂದ ನೋಡಿ, ತಲೆ ಅಲ್ಲಾಡಿಸಿ ಮುಂದೆ ಹೋದರು.

ಒಳಗೆ ಶಟಲ್ ಕೌದಿಯ ಮೇಲೆ ಬಾಗಿಲಿಗೆ ಮುಖ ಮಾಡಿ ಕೂತಿತ್ತು. ಹರಿಯುತ್ತಿರಲಿಲ್ಲ, ಬರೀ ಕೂತಿತ್ತು. ದೂರದ ಬಸ್ ಸ್ಟ್ಯಾಂಡಿನಲ್ಲಿ ಸೀಟಿ ಕೇಳಿಸಿತು. ಕಿವಿ ನೆಟ್ಟಗಾದವು, ಬಾಲ ಅಲ್ಲಾಡಿತು. ಯಾರೂ ಬರಲಿಲ್ಲ. ಬಾಲ ನಿಂತಿತು. ಮತ್ತೊಂದು ಸೀಟಿ. ಮತ್ತೆ ಎದ್ದು ನಿಂತಿತು. ಯಾರೂ ಬರಲಿಲ್ಲ. ಸಣ್ಣಗೆ ಕುಂಯ್ ಎಂದು, ಮುಂಗಾಲುಗಳ ನಡುವೆ ಕೌದಿಯ ಅಂಚನ್ನು ಹಿಡಿದು ಎಳೆಯತೊಡಗಿತು. ಸಿಟ್ಟಿಲ್ಲ, ಆಟವಿಲ್ಲ. ಒಂದು ಎಳೆ ಕೀಳುವುದು, ಬಾಗಿಲು ನೋಡುವುದು. ಮತ್ತೊಂದು ಎಳೆ ಕೀಳುವುದು, ಮತ್ತೆ ಬಾಗಿಲು ನೋಡುವುದು.

ಗೋಡೆಗೊರಗಿ ಹೊಸ ಕೌದಿ ಹೊಲಿಯುತ್ತ ಕೂತಿದ್ದ ಮಾಮಿ ಸೂಜಿಯಿಂದ ತಲೆ ಎತ್ತದೆಯೇ ಹೇಳಿದರು.

"ಹರಿಯೋ ನನ್ನಪ್ಪ, ಹರಿ. ನಾ ಹೇಳಿದ್ದು ಅವರಿಗಿ ಎಂದೂ ತಿಳೀಲಿಲ್ಲ. ನೀ ಹರದದ್ದಾದ್ರೂ ತಿಳೀತೈತೇನು ನೋಡೂಣು."

ನನ್ನ ಪಕ್ಕದಲ್ಲಿದ್ದ ಮಾಮಾ ಬಾಗಿಲು ತಳ್ಳಿ ಒಳಗೆ ಹೋದರು. ಶಟಲ್ ಹಾರಿ ಕಾಲಿಗೆ ಬಿತ್ತು. ಅವರು ಅದನ್ನು ಎತ್ತಿಕೊಂಡು ಮಾಮಿಯ ಎದುರಿಗೆ ನೆಲದ ಮೇಲೇ ಕೂತುಬಿಟ್ಟರು.

"ನಿನಗ ಮೊದಲ ಗೊತ್ತಿತ್ತು?"

"ಮೊದಲನೇ ದಿನಾನ ಗೊತ್ತಿತ್ತು."

"ಮತ್ತ ಹೇಳಬಾರ್ದಿತ್ತು? ಪರ್ವ ಬಂತು. ಆಯಿ ಹೊರಗ ಹಾಕಿದ್ರ ಏನ ಗತಿ ಇದರದು?"

"ಅದಕ್ಕ ಅಲ್ಲೇನ್ರಿ, ದಿನಾ ಕಿಡಕಿ ಮುಚ್ಚಿ ಚಿಂದಿ ಆರಿಸಿದ್ದು? ಇದನ್ನ ಹೋಗಾಕ ಬಿಡ್ತಿದ್ನೇನು?" ಮಾಮಿ ದಾರವನ್ನು ಹಲ್ಲಿನಿಂದ ಕಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಮನ್ಯಾಗ ಸ್ವಲ್ಪ ಕುಂದರ್ರಿ ಅಂತ ಹುಕ್ಕೇರ್ಯಾಗ ಹೇಳಿದೆ, ಮೂಡಲಗ್ಯಾಗ ಹೇಳಿದೆ. ನೀವು ಗಾಡಿ ಟೈಮ್ ಹೇಳಿದ್ರಿ. ನನಗೇನ ಹರ್ಯಾಕ ಬರಲಿಲ್ಲ ನೋಡ್ರಿ, ಬರೀ ಹೊಲ್ಯಾಕ ಬಂತು."

ನಾನು ಹೊಸ್ತಿಲಲ್ಲೇ ನಿಂತೆ. ಮಾಮಾ ಕೊರಳಿನ ಸೀಟಿಯನ್ನು ತೆಗೆದು ಗೂಟಕ್ಕೆ ನೇತುಹಾಕಿದರು.

ಮಾರನೆಯ ದಿನದಿಂದ ಅವರು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಮೂಲೆಯ ಕೌದಿ ಇಡಿಯಾಗಿ ಉಳಿಯಿತು. ಪರ್ವದ ಮುಂಚೆ ಆಯಿ ಮತ್ತೆ ಮೊಣಕಾಲು ಹಿಡಿದುಕೊಂಡು ಹತ್ತಿ ಬಂದು ಮೂಲೆ ನೋಡಿದರು, ಕಿಟಕಿ ನೋಡಿದರು, ಮಾಮಾನ ತೊಡೆಯ ಮೇಲೆ ಮಲಗಿದ್ದ ಶಟಲ್‌ನನ್ನು ನೋಡಿದರು. ಇಳಿದು ಹೋಗಿ, ಮೊಮ್ಮಗಳ ಕೈಯಲ್ಲಿ ತಮ್ಮದೊಂದು ಮೆತ್ತನೆಯ ಹಳೆಯ ನೂಲಿನ ಸೀರೆ ಕಳಿಸಿದರು. ಕೌದಿಗಂತೆ! ಮಾಮಿ ಮೂರು ದಿನ ಅದನ್ನು ಹರಿಯಲು ಮನಸ್ಸಾಗದೆ ಮಡಚಿಟ್ಟುಕೊಂಡಿದ್ದರು.

ಇನ್ನೊಂದು ಶನಿವಾರ. ಮಳೆ ಜೋರಾಗಿತ್ತು, ಹೊಳೆ ತುಂಬಿತ್ತು. ಮೂಡಲಗಿ ಗಾಡಿಯಿಂದ ಇಳಿದು ನೋಡುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಮಾಮಾ! ತಮ್ಮ ಬೆಂಚಿನ ಮೇಲಲ್ಲ, ಜನರ ಜೊತೆ ಸರದಿಯಲ್ಲಿ ನಿಂತಿದ್ದಾರೆ. ಪಕ್ಕದಲ್ಲಿ ಮಗಳ ಮದುವೆಯ ಸೀರೆ ಉಟ್ಟ ಮಾಮಿ. ಮಾಮಿಯ ಕೈಚೀಲದಿಂದ ಹೊರಗೆ ಇಣುಕುತ್ತಿರುವ ಬಿಳಿ ಮೂತಿ. ಫಾಲ್ಸಿನ ಗಾಡಿ ಬಂದು ನಿಂತಿತು. ನಾಯಿಗೂ ಟಿಕೆಟ್ ಹರಿ ಎಂದು ಮಾಮಾ ಕಂಡಕ್ಟರನ ಜೊತೆ ವಾದಕ್ಕೆ ನಿಂತರು. ಅವನು ಬೇಡವೆಂದರೂ ಬಿಡಲಿಲ್ಲ, ಲಗೇಜ್ ಎಂದು ಹರಿಸಿಯೇ ತೀರಿದರು.

ಕಂಟ್ರೋಲರ್ ಕಿಟಕಿಯಿಂದ ಹೊಸಬ ಇವರನ್ನು ಕಂಡು ನಕ್ಕ. ಬಹಳ ದಿನಗಳ ಮೇಲೆ ಕಂಡಿದ್ದ. ರೂಢಿಯಂತೆ ಕೂಗಿ ಕೇಳಿದ.

"ಸಾಹೇಬ್ರ, ಇವತ್ತ ಯಾವ ಗಾಡಿ ಲೇಟ್ ರಿ?"

ಮಾಮಾ ಮೊದಲು ಮಾಮಿಯ ಕೈ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿಸಿದರು, ಕಿಟಕಿಯ ಬಾಜೂ ಕೂರಿಸಿದರು, ನಾಯಿಯ ಚೀಲವನ್ನು ಅವರ ತೊಡೆಯ ಮೇಲಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತು ತಿರುಗಿದರು.

"ಗಾಡಿ ಎಲ್ಲಾ ಬರೋಬ್ಬರಿ ಅದಾವಪಾ," ಎಂದರು. "ಲೇಟ್ ಆಗಿದ್ದು ನಾನ."